ಮೂಲೆ ಕತ್ತರಿಸಿದ ನೆಗೆಟಿವ್

ಹೊಸ ಕ್ಯಾಮೆರಾ ಕೊಂಡವರು ನನ್ನ ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ ಕೇಳುವ ಪ್ರಶ್ನೆ ಒಂದಿದೆ: "ಕಾಕಾ, ನಮ್ಮಪ್ಪನ ಹಳೇ ಫ್ಲಾಶ್ ಐತಿ, ಇದಕ್ಕ ಹಾಕಿದ್ರ ನಡಿತೈತೇನ್ರಿ?" ನಡೆಯುವುದಿಲ್ಲ. ನಿಮಗೆ ಬೇಕಾದದ್ದು ಇಷ್ಟೇ ಆಗಿದ್ದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ ಹೋಗಿ ಚಹಾ ಕುಡಿಯಿರಿ. ಉಳಿದವರು ಕೂತುಕೊಳ್ಳಿ.

ನಾನು ವಿಜಯಪುರದಲ್ಲಿ, ಗೋಳಗುಮ್ಮಟದ ಹತ್ತಿರದ ಒಂದು ಸ್ಟುಡಿಯೋದಲ್ಲಿ ಮೊದಲು ಆಳಾಗಿ, ಆಮೇಲೆ ಮಾಲಕನಾಗಿ ಕೆಲಸ ಮಾಡಿದವನು. ಹೇಗೆ ಮಾಲಕನಾದೆ ಎಂಬ ಕಥೆ ಬೇಡ, ಅದರಿಂದ ಯಾರಿಗೂ ಉಪಯೋಗವಿಲ್ಲ. ಈಗ ಆ ಜಾಗದಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ನನ್ನ ಪಾಲಿಗೆ ಉಳಿದದ್ದು ಎರಡು ತಗಡಿನ ಸಂದೂಕು. ಒಂದರಲ್ಲಿ ಹಳೆಯ ಲೆನ್ಸು, ಫಿಲ್ಟರು, ಸ್ಟ್ಯಾಂಡು, ಇನ್ನೊಂದರಲ್ಲಿ ನೆಗೆಟಿವ್‌ಗಳು. "ಗುಜರಿಯವಗ ಹಾಕ್ರಿ ಅಂದ್ರ ದೇವರ ಪೆಟಗಿ ಕಾದಂಗ ಕಾಯಾಕತ್ತೀರಲ್ಲ," ಎಂದು ನನ್ನ ಹೆಂಡತಿ ಪ್ರತಿ ದೀಪಾವಳಿಗೆ ಮನೆ ಸಾರಿಸುವಾಗ ತಪ್ಪದೇ ಅನ್ನುತ್ತಾಳೆ. ನಾನು ತಪ್ಪದೇ ಸಂದೂಕಿನ ಮೇಲಿನ ಧೂಳು ಒರೆಸುತ್ತೇನೆ.

ಫ್ಲಾಶಿನ ಮಾತಿಗೆ ಬರೋಣ. ತಿಕೋಟಾದಲ್ಲಿ ಸಂಗಪ್ಪ ಅಂತ ಒಬ್ಬ ಫೋಟೋಗ್ರಾಫರ್ ಇದ್ದಾನೆ. ಒಳ್ಳೆಯವನು, ಆದರೆ ಹೇಳಿದ್ದನ್ನು ಕೇಳುವ ಜಾತಿಯಲ್ಲ. ಅವನು ಹೊಸ ಡಿಜಿಟಲ್ ಕ್ಯಾಮೆರಾ ತಂದಾಗ ನಾನು ಹೇಳಿದ್ದೆ: "ಸಂಗಪ್ಪಾ, ಆ ಹಳೇ ಫ್ಲಾಶಿನ ಬುಡದಾಗ ಬರೋ ಕರೆಂಟ್ ಹಳೇ ಕ್ಯಾಮೆರಾದ ಹಿತ್ತಾಳಿ ತಗಡ ತಡಕೋತಿತ್ತು. ಹೊಸದರಾಗ ಬರೇ ಸೂಕ್ಷ್ಮ ಸರ್ಕೀಟ್ ಇರ್ತಾವ, ಸುಟ್ಟ ಹೋಗ್ತಾವ." ಅವನು ನಕ್ಕ. ತೊರವಿಯಲ್ಲಿ ಒಂದು ಮದುವೆ. ಅಕ್ಷತೆ ಬೀಳುವ ಹೊತ್ತಿಗೆ ಸರಿಯಾಗಿ ಅವನು ಆ ದೊಡ್ಡ ಫ್ಲಾಶನ್ನು ಕ್ಯಾಮೆರಾದ ತಲೆಗೇರಿಸಿ ಒತ್ತಿದ. ಫೋನಿನಲ್ಲಿ ಅವನ ದನಿ ಅಳುವ ಹಾಗಿತ್ತು: "ಕಾಕಾ, ಒಮ್ಮಿ ಪಟ್ ಅಂತು. ಆಮ್ಯಾಲ ಉಸಿರ ಇಲ್ರಿ."

ನನ್ನ ಕ್ಯಾಮೆರಾ ಹಿಡಿದುಕೊಂಡು ಹೋದೆ. ಅಷ್ಟರಲ್ಲಿ ಊಟವೂ ಆಗಿತ್ತು. ಹೆಣ್ಣಿನ ತಂದೆ ಅಕ್ಷತೆಯ ಫೋಟೋ ಇಲ್ಲದೆ ಬೀಗರ ಮುಂದೆ ಮುಖ ತೋರಿಸುವುದು ಹೇಗೆ ಎಂದು ಹಟ ಹಿಡಿದು, ಮದುಮಕ್ಕಳನ್ನು ಮತ್ತೆ ಎದುರುಬದುರು ನಿಲ್ಲಿಸಿದ. ಜನ ಮತ್ತೆ ಅಕ್ಷತೆ ಎರಚಿದರು. ಅಯ್ಯನವರು ಮಾತ್ರ ಮಂತ್ರ ಎರಡನೆಯ ಸಲ ಹೇಳಲು ಒಪ್ಪಲಿಲ್ಲ, ಸುಮ್ಮನೆ ತುಟಿ ಆಡಿಸಿದರು. ಆಲ್ಬಮ್ಮಿನಲ್ಲಿ ಅದು ಗೊತ್ತೇ ಆಗುವುದಿಲ್ಲ. ಬೇಕಾದರೆ ಹಳೆಯ ಫ್ಲಾಶನ್ನು ಕ್ಯಾಮೆರಾದ ಮೇಲೆ ಕೂರಿಸದೆ ದೂರದಲ್ಲಿಟ್ಟು, ಇನ್ನೊಂದು ಫ್ಲಾಶಿನ ಬೆಳಕು ಕಂಡ ಕೂಡಲೇ ಇದನ್ನೂ ಹೊತ್ತಿಸುವ ಚಿಕ್ಕ ಕಣ್ಣನ್ನು ಅದಕ್ಕೆ ಸಿಕ್ಕಿಸಿ ಬಳಸಬಹುದು. ಇದನ್ನು ಸಂಗಪ್ಪನಿಗೂ ಹೇಳಿದ್ದೆ.

ಅವನನ್ನು ನೋಡಿ ನಗಲು ನಾನೇನು ಮಹಾ ಶಾಣ್ಯಾ ಅಲ್ಲ. ಮಗಳು ತನ್ನ ಡಿಜಿಟಲ್ ಕ್ಯಾಮೆರಾ ನನಗೆ ಕೊಟ್ಟ ಹೊಸದರಲ್ಲಿ, ಹಳೆಯ ಕೆಂಪು ಫಿಲ್ಟರ್ ಸಿಕ್ಕಿಸಿಕೊಂಡು ಬೆಳಿಗ್ಗೆ ಗೋಳಗುಮ್ಮಟಕ್ಕೆ ಹೋದೆ. ಕಪ್ಪು-ಬಿಳುಪು ಫಿಲ್ಮಿನ ಕಾಲದಲ್ಲಿ ಆ ಕೆಂಪು ಗಾಜು ಹಾಕಿದರೆ ನೀಲಿ ಆಕಾಶ ಕರ್ರಗೆ ಬರುತ್ತಿತ್ತು, ಗುಮ್ಮಟ ಬೆಳ್ಳಗೆ ಎದ್ದು ನಿಲ್ಲುತ್ತಿತ್ತು. ಅದೇ ಆಸೆಯಿಂದ ಒತ್ತಿದೆ. ಗುಮ್ಮಟ, ಆಕಾಶ, ಹುಲ್ಲು, ಎಲ್ಲವೂ ಕೆಂಪು. ಪಕ್ಕದಲ್ಲಿ ಬುತ್ತಿ ಬಿಚ್ಚಿಕೊಂಡು ಕೂತಿದ್ದ ಮುದುಕಿಯೊಬ್ಬಳು ಇಣುಕಿ ನೋಡಿ, "ಯಪ್ಪಾ, ಗುಮ್ಮಟದ ಮ್ಯಾಲೂ ಓಕುಳಿ ಉಗ್ಗೀರೇನು?" ಅಂದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಕ್ಯಾಮೆರಾವನ್ನು ಬೈದುಕೊಂಡು ಮನೆಗೆ ಬಂದೆ. ಕ್ಯಾಮೆರಾವನ್ನು ಕಪ್ಪು-ಬಿಳುಪಿಗೆ ತಿರುಗಿಸಿ ಹಾಕಿದರೆ ಆ ಗಾಜು ಇವತ್ತಿಗೂ ತನ್ನ ಕೆಲಸ ಮಾಡುತ್ತದೆ ಎಂದು ಆಮೇಲೆ ತಿಳಿಯಿತು.

ಲೆನ್ಸುಗಳ ವಿಷಯ ಬೇರೆ. ಹಳೆಯ ಲೆನ್ಸಿಗೂ ಹೊಸ ಕ್ಯಾಮೆರಾಕ್ಕೂ ನಡುವೆ ಒಂದು ರಿಂಗ್ ಬೇಕು, ಅಷ್ಟೇ. ಆದರೆ ಮೊದಲ ಸಲ ಹಾಕಿದಾಗ ನನ್ನ ಕ್ಯಾಮೆರಾ "ಲೆನ್ಸ್ ಇಲ್ಲ" ಎಂದು ಬರೆದು ತೋರಿಸಿ ಮುಷ್ಕರ ಹೂಡಿತು. ಇಷ್ಟು ದೊಡ್ಡ ಗಾಜು ಮುಂದೆ ಕೂತಿದ್ದರೂ ಅದಕ್ಕೆ ಲೆನ್ಸ್ ಇಲ್ಲವಂತೆ! ತನ್ನ ಜೊತೆ ಕರೆಂಟಿನಲ್ಲಿ ಮಾತಾಡದ ಲೆನ್ಸನ್ನು ಅದು ಲೆನ್ಸೆಂದೇ ಒಪ್ಪುವುದಿಲ್ಲ. ಮೆನುವಿನೊಳಗೆ ಹೊಕ್ಕು, ಲೆನ್ಸ್ ಇಲ್ಲದಿದ್ದರೂ ಕ್ಲಿಕ್ ಮಾಡು ಎಂದು ಹುಕುಂ ಕೊಡಬೇಕು. ಆಮೇಲೆ ಫೋಕಸ್ಸು, ಬೆಳಕು ಎಲ್ಲಾ ಕೈಯಲ್ಲೇ. ನಿಧಾನ ಆಗುತ್ತದೆ. ಆ ನಿಧಾನ ನನಗೆ ಇಷ್ಟ, ಯಾಕೆಂದರೆ ಎದುರಿಗೆ ಕೂತವರ ಮುಖ ನೋಡಲು ಹೊತ್ತು ಸಿಗುತ್ತದೆ.

ನನಗೆ ಕೆಲಸ ಕಲಿಸಿದವರು ದತ್ತೋಪಂತ ಮಾಸ್ತರರು. ಸ್ಟುಡಿಯೋದ ಮೊದಲ ಮಾಲಕರು. ಬಿಳಿ ಧೋತರ, ಕರಿ ಟೊಪ್ಪಿಗೆ, ಬಾಯಲ್ಲಿ ಅಡಿಕೆ. ಒಂದು ಫಿಲ್ಮ್ ಕೆಟ್ಟರೆ "ಇದೇನು ನಿಮ್ಮ ಮಾವನ ಮನಿಯಿಂದ ಬಂದೈತೇನಲೇ?" ಎಂದು ಓಣಿಗೆಲ್ಲಾ ಕೇಳುವ ಹಾಗೆ ಕೂಗುತ್ತಿದ್ದರು. ಅವರ ಹತ್ತಿರ ಮರದ ಸ್ಟ್ಯಾಂಡ್ ಕ್ಯಾಮೆರಾ ಇತ್ತು. ಅದರ ಮರವನ್ನು ಗೆದ್ದಲು ತಿಂದಿತು, ಲೆನ್ಸ್ ಉಳಿಯಿತು. ಆ ಹಿತ್ತಾಳೆ ಲೆನ್ಸಿಗೆ ಇಲ್ಲಿನ ಲೇಥಿನವನ ಹತ್ತಿರ ಒಂದು ರಿಂಗ್ ಕಡೆಸಿ, ಹಾರ್ಮೋನಿಯಂ ತಿದಿಯ ಹಾಗೆ ಹಿಗ್ಗಿ ಕುಗ್ಗುವ ಹಳೆಯ ಬೆಲ್ಲೋಸಿಗೆ ಕೂರಿಸಿ, ಅದರ ಹಿಂದೆ ಮಗಳ ಕ್ಯಾಮೆರಾ ಸಿಕ್ಕಿಸಿದ್ದೇನೆ. ತಿದಿ ಹಿಗ್ಗಿಸಿದರೆ ಹತ್ತಿರದ ಸಣ್ಣ ವಸ್ತು ದೊಡ್ಡದಾಗಿ ಕಾಣುತ್ತದೆ. ಹಿಂದಿನಿಂದ ಬೆಳಕು ಬಿಟ್ಟು ಹಳೆಯ ನೆಗೆಟಿವ್ ಇಟ್ಟರೆ, ಅದರ ಒಂದೊಂದು ಮುಖವನ್ನೂ ತೆಗೆದುಕೊಳ್ಳಬಹುದು.

ಮಾಸ್ತರರ ಕಾನೂನುಗಳು ಸ್ವಲ್ಪವೇ, ಆದರೆ ಕಲ್ಲಿನಲ್ಲಿ ಕೊರೆದಂಥವು. ಸಿಡುಬಿನ ಕಲೆ ಇದ್ದವರಿಗೆ ಮುಂದಿನಿಂದ ಬೆಳಕು. ಹಲ್ಲು ಮುಂದಿದ್ದವರನ್ನು ನಗಿಸಬಾರದು. ಮೆಳ್ಳಗಣ್ಣಿನವರು ಬಂದರೆ ಕಣ್ಣಿನ ಮಾತು ಎತ್ತಲೇಬಾರದು, ಮೆಲ್ಲಗೆ "ಸ್ವಲ್ಪ ತಲಿ ಬಗ್ಗಸ್ರಿ" ಅನ್ನಬೇಕು. ಹೆಣ್ಣುಮಕ್ಕಳಾದರೆ ನಾಚಿಕೊಂಡ ಹಾಗೆ ಚೆಂದವೇ ಕಾಣುತ್ತದೆ. ಕೆಟ್ಟ ನೆಗೆಟಿವ್‌ನ ಒಂದು ಮೂಲೆಯನ್ನು ಕತ್ತರಿಯಿಂದ ಕತ್ತರಿಸಬೇಕು. ಮೂಲೆ ಕತ್ತರಿಸಿದ್ದನ್ನು ಯಾರೂ ಪ್ರಿಂಟ್ ಹಾಕುವಂತಿಲ್ಲ, ಆದರೆ ಎಸೆಯುವಂತೆಯೂ ಇಲ್ಲ. ಯಾಕೆ ಎಸೆಯಬಾರದು ಎಂದು ಒಮ್ಮೆ ಕೇಳಿದ್ದೆ. "ಮುಖ ಐತಲ್ಲೋ ಅದರಾಗ. ತಿಪ್ಪಿಗೆ ಒಗೀತಿಯೇನು?" ಅಂದಿದ್ದರು.

ಇನ್ನೊಂದು ಕೆಲಸವಿತ್ತು, ಈಗಿನವರು ನಂಬಲಿಕ್ಕಿಲ್ಲ. ನಮ್ಮ ಕಡೆ ಅನೇಕ ಮನೆತನಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಗೋಡೆಗೆ ಆನಿಸಿ, ಹಣೆಗೆ ವಿಭೂತಿ ಹಚ್ಚಿ, ಕೊರಳಿಗೆ ಹಾರ ಹಾಕಿ, ಮಣ್ಣಿಗೆ ಒಯ್ಯುವ ಮೊದಲು ಮನೆಯವರೆಲ್ಲ ಸುತ್ತ ಕೂತು ಒಂದು ಫೋಟೋ ತೆಗೆಸುತ್ತಾರೆ. ಆಗ ಬಹಳ ಜನರಿಗೆ ಬದುಕಿನಲ್ಲಿ ಮೊದಲ ಫೋಟೋವೂ ಅದೇ. ಗೋಡೆಗೆ ಹಾಕಲು ಮುಖದ್ದೊಂದು ಬೇಕಲ್ಲ? ಮಾಸ್ತರರು ಆ ಮುಖವನ್ನು ದೊಡ್ಡದಾಗಿ ಪ್ರಿಂಟ್ ಹಾಕಿ, ಮುಚ್ಚಿದ ರೆಪ್ಪೆಗಳ ಮೇಲೆ ಸಣ್ಣ ಕುಂಚದಿಂದ ತೆರೆದ ಕಣ್ಣು ಬರೆಯುತ್ತಿದ್ದರು. ಕೈ ಎಷ್ಟು ಸ್ಥಿರ ಅಂದರೆ ಮನೆಯವರಿಗೇ ತಿಳಿಯುತ್ತಿರಲಿಲ್ಲ. ತಿಳಿದವರು ಹೇಳುತ್ತಿರಲಿಲ್ಲ.

ಆದರೆ ಮಾಸ್ತರರಿಗೆ ಬರೆಯಲು ಬರುತ್ತಿದ್ದದ್ದು ಒಂದೇ ಜೋಡಿ ಕಣ್ಣು. ದೊಡ್ಡವು, ನೆಟ್ಟಗಿನವು, ಕ್ಯಾಲೆಂಡರಿನ ಲಕ್ಷ್ಮಿಗೆ ಇರುವಂಥವು. ಗಂಡಸರಿಗೂ ಅವೇ. ತಿಕೋಟಾದ ಒಂದು ಮನೆಯಲ್ಲಿ ಅಜ್ಜ, ಅಜ್ಜಿ, ಅಜ್ಜನ ತಮ್ಮ, ಮೂವರೂ ಒಂದೇ ಕಣ್ಣಿನಿಂದ ನನ್ನನ್ನು ನೋಡಿದಾಗ ನಗು ತಡೆಯಲಾರದೆ ಕೆಮ್ಮಿದ್ದೆ. ಬಬಲೇಶ್ವರದಲ್ಲಂತೂ ಕೆಲವು ಓಣಿಗಳಲ್ಲಿ ಮನೆಯಿಂದ ಮನೆಗೆ ಹೋದರೆ ಒಬ್ಬರೇ ಹಿಂದೆ ಬಂದ ಹಾಗೆ ಅನ್ನಿಸುತ್ತಿತ್ತು. ಮಾಸ್ತರರಿಗೆ ಹೇಳಿದೆ. ಅವರು ಕುಂಚ ಕೆಳಗಿಡದೆ ಅಂದರು: "ಲೇ, ಹೋದವರದು ತಕರಾರ ಇಲ್ಲ. ಇದ್ದವರು ಗ್ವಾಡಿ ನೋಡಿದ್ರ, ಗ್ವಾಡಿನೂ ಅವರನ್ನ ನೋಡಬೇಕು. ಅಷ್ಟ ನಮ್ಮ ಕೆಲಸ."

ಬಹಳ ವರ್ಷ ಆ ಮಾತು ನನಗೆ ಸರಿ ಅನ್ನಿಸಿತ್ತು. ಮಹಾದೇವಿ ಬರುವವರೆಗೆ.

ಮಹಾದೇವಿ ಬಬಲೇಶ್ವರದಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಕುಪ್ಪಸ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದಾಳೆ. ಹುಟ್ಟಿದ ಊರು ಕಾಖಂಡಕಿ. ಐವತ್ತರ ಆಸುಪಾಸಿನ ಹೆಂಗಸು. ಹೋದ ವರ್ಷ ಒಂದು ಬೆಳಿಗ್ಗೆ ಬಟ್ಟೆಯಲ್ಲಿ ಸುತ್ತಿದ ಚೌಕಟ್ಟೊಂದನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತಳು. ಮಾತಾಡುವಾಗ ನೆಲ ನೋಡುತ್ತಿದ್ದಳು. ತಲೆ ಎತ್ತಿದಾಗ ಕಂಡಿತು: ಒಂದು ಕಣ್ಣು ನನ್ನ ಕಡೆಗೆ, ಇನ್ನೊಂದು ನನ್ನ ಕಪಾಟಿನ ಕಡೆಗೆ. ಮೆಳ್ಳಗಣ್ಣು.

ಚೌಕಟ್ಟಿನಲ್ಲಿ ಅವಳ ತಾಯಿಯ ಫೋಟೋ. ಮನೆಗೆ ಸುಣ್ಣ ಹೊಡೆಯುವಾಗ ಬಿದ್ದು ಗಾಜು ಒಡೆದಿತ್ತು. ತೇವಕ್ಕೆ ಫೋಟೋ ಗಾಜಿಗೆ ಅಂಟಿತ್ತು, ಕೀಳಲು ಹೋದಾಗ ಕಣ್ಣಿನ ಜಾಗವೇ ಕಿತ್ತು ಬಂದಿತ್ತು. ವಿಭೂತಿಯ ಹಣೆ, ಮೂಗು, ಬಾಯಿ, ಕೊರಳ ಹಾರ ಎಲ್ಲಾ ಇದ್ದು ಕಣ್ಣಿನ ಜಾಗದಲ್ಲಿ ಬರೀ ಬಿಳಿ ಕಾಗದ. ಹಿಂಬದಿಯಲ್ಲಿ ನಮ್ಮ ಸ್ಟುಡಿಯೋದ ಮುದ್ರೆ ಇತ್ತು. ನಾನು ಕೆಲಸಕ್ಕೆ ಸೇರುವುದಕ್ಕಿಂತ ಮೊದಲಿನದು.

"ಹುಡುಗೂರು ಕಂಪ್ಯೂಟರಿನಾಗ ಬ್ಯಾರೆ ಕಣ್ಣ ಕುಂದರಸಿ ಕೊಡ್ತೀವಿ ಅಂದ್ರು ಕಾಕಾ," ಅಂದಳು. "ನಾ ಒಲ್ಲೆ ಅಂದ್ನಿ. ಬ್ಯಾರೇದವರ ಕಣ್ಣ ನಮ್ಮವ್ವಗ ಯಾಕ್ರಿ? ನಿಮ್ಮ ಹಂತೇಕ ಹಳೇ ನೆಗೆಟಿವ್ ಇರ್ತಾವಂತ ಯಾರೋ ಹೇಳಿದ್ರು."

ನೆಗೆಟಿವ್ ಸಿಕ್ಕರೆ ಅದರಲ್ಲಿ ಏನಿರುತ್ತದೆ ಎಂದು ನನಗೆ ಗೊತ್ತಿತ್ತು. ಹುಡುಕಬೇಕು, ಸಿಗುವುದು ಕಷ್ಟ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೋ ಅಂದೆ. ಅವಳು ಹೋಗಲಿಲ್ಲ. ನನ್ನ ಹೆಂಡತಿ ಕೊಟ್ಟ ಚಹಾ ಕುಡಿಯುತ್ತ ನಿಧಾನಕ್ಕೆ ತನ್ನ ಕಥೆ ಹೇಳಿದಳು.

ಇವಳು ಇನ್ನೂ ಮೊಲೆ ಕುಡಿಯುವ ಕೂಸಾಗಿದ್ದಾಗ ತಾಯಿ ಜ್ವರದಿಂದ ಹೋದಳು. ತವರಿನವರು ಜಗಳ ಮಾಡಿಕೊಂಡು ಹೋಗಿ ಮತ್ತೆ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ತಂದೆಗೆ ಮಾತು ಕಡಿಮೆ. ಬೆಳೆಸಿದವಳು ತಂದೆಯ ಅಕ್ಕ. "ಅತ್ತಿ ನನ್ನ ಆ ಫೋಟೋದ ಮುಂದ ನಿಂದರಸಿ ಅಂತಿದ್ಳರಿ: ನೋಡು, ನಿಮ್ಮವ್ವನ ಕಣ್ಣು ಹೆಂಗ ನೆಟ್ಟಗ ಅದಾವ. ಈ ಮನ್ಯಾಗ ಯಾರಿಗೂ ಇಲ್ಲದ ಮೆಳ್ಳಗಣ್ಣ ನೀ ಎಲ್ಲಿಂದ ತಂದಿ? ಹುಟ್ಟಿದ ಕೂಡ್ಲೇ ತಾಯಿನ್ನ ನುಂಗಿದ ಕಣ್ಣ ಇವು."

"ಅಕಿ ಮಾತ ಏನ ಹಿಡೀತಿ ಬಿಡವ್ವಾ," ಅಂದಳು ನನ್ನ ಹೆಂಡತಿ.

"ಹಿಡಿಬಾರದ್ರಿ ಅಕ್ಕಾರ. ಆದ್ರ ಸಣ್ಣಾಕಿದ್ದಾಗ ಕೇಳಿದ ಮಾತು ಹೊಕ್ಕ ಬಿಡ್ತೈತಿ. ನನ್ನ ಮದಿವಿ ಫೋಟೋದಾಗೂ ನಾ ತಲಿ ಎತ್ತಿಲ್ಲ. ದಿನಾ ಅಂಗಡಿಗೆ ಹೋಗೂ ಮುಂದ ಅವ್ವನ ಕಣ್ಣ ನೋಡಿ, ತಪ್ಪಾತವ್ವಾ ಅಂತ ಹೇಳಿ ಹೋಗ್ತೇನಿ." ತಾಯಿಯ ಸಾವಿಗೆ ಈ ಹೆಂಗಸು ಇಷ್ಟು ವರ್ಷ ದಿನವೂ ಕ್ಷಮೆ ಕೇಳುತ್ತಿದ್ದಳು. ಅದೂ ಮಾಸ್ತರರ ಕುಂಚಕ್ಕೆ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಹೋಗಿ ಸಂದೂಕು ತೆಗೆದೆ.

ಮಾಸ್ತರರು ಲಕೋಟೆಗಳನ್ನು ಊರು, ಮನೆತನದ ಪ್ರಕಾರ ಕಟ್ಟಿಟ್ಟಿದ್ದರು. ಕಾಖಂಡಕಿಯ ಕಟ್ಟಿನಲ್ಲಿ ಅವಳ ತಂದೆಯ ಹೆಸರಿನ ಎರಡು ಲಕೋಟೆ ಸಿಕ್ಕವು. ಒಂದರ ಮೇಲೆ "ಕೊನೆ ಫೋಟೋ" ಅಂತಿತ್ತು. ಬೆಲ್ಲೋಸ್ ಹಿಗ್ಗಿಸಿ, ಬೆಳಕಿನ ಮುಂದೆ ನೆಗೆಟಿವ್ ಇಟ್ಟೆ. "ತಂಗಿ, ನೀ ಸ್ವಲ್ಪ ಹೊರಗ ಕೂಡು," ಅಂದೆ. ಅವಳು ಕುರ್ಚಿಯನ್ನು ಇನ್ನೂ ಹತ್ತಿರ ಎಳೆದುಕೊಂಡಳು. ತೆಗೆದು, ಕಂಪ್ಯೂಟರಿನಲ್ಲಿ ಕಪ್ಪನ್ನು ಬಿಳಿ ಮಾಡಿ ತಿರುಗಿಸಿದೆ. ವಿಭೂತಿ, ಹಾರ, ಕೊರಳಲ್ಲಿ ಬೋರಮಾಳ ಸರ. ಮುಚ್ಚಿದ ಕಣ್ಣು.

ಅವಳು ಬಹಳ ಹೊತ್ತು ನೋಡಿದಳು. ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ, ಕುಂಚದ ಮಾತನ್ನೂ, ಎಲ್ಲರಿಗೂ ಒಂದೇ ಕಣ್ಣು ಎಂಬುದನ್ನೂ.

"ಅಂದ್ರ ಇಷ್ಟ ದಿನ ನಾ ಯಾರ ಕಣ್ಣ ನೋಡಿ ಮಾತಾಡಿದ್ನಿ, ಕಾಕಾ?"

ಅವಳು ಒಡೆದ ಚೌಕಟ್ಟನ್ನು ಮತ್ತೆ ಬಟ್ಟೆಯಲ್ಲಿ ಸುತ್ತತೊಡಗಿದಳು. ಆ ಬೆರಳುಗಳನ್ನು ನೋಡಲಾಗದೆ, "ಕೂಡವ್ವಾ, ಇನ್ನೊಂದ ಲಕೋಟಿ ಐತಿ," ಅಂದೆ. ಅದರ ಮೇಲೆ "ಕುಬಸ" ಎಂದಿತ್ತು. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ಮಾಡುವ ಆ ಕುಬಸ ಇವಳು ಹೊಟ್ಟೆಯಲ್ಲಿದ್ದಾಗಿನದು.

"ಆ ಫೋಟೋ ನಮ್ಮ ಮನ್ಯಾಗ ಐತ್ರಿ. ತಲಿ ಬಗ್ಗಿಸ್ಯಾಳ, ಮಾರಿ ಕಾಣಂಗಿಲ್ಲ."

ಲಕೋಟೆಯಲ್ಲಿ ಆ ತಲೆ ಬಗ್ಗಿಸಿದ ನೆಗೆಟಿವ್ ಇತ್ತು. ಅದರ ಹಿಂದೆ ಇನ್ನೊಂದು. ಅದರ ಮೂಲೆ ಕತ್ತರಿಸಿತ್ತು.

ಸಿಕ್ಕಾಪಟ್ಟೆ ಬೆಳಕು ಬಿದ್ದ ನೆಗೆಟಿವ್, ದಟ್ಟಗೆ ಕರ್ರಗಿತ್ತು. ಹಳೆಯ ಪ್ರಿಂಟಿನ ಕಾಗದದಲ್ಲಾದರೆ ಬಹಳ ಕಷ್ಟಪಟ್ಟರೆ ಮಾತ್ರ ಮುಖ ಬರುತ್ತಿತ್ತು. ಹಿಂದಿನ ಬೆಳಕು ಹೆಚ್ಚಿಸಿ, ಶಟರನ್ನು ಹೆಚ್ಚು ಹೊತ್ತು ತೆರೆದಿಟ್ಟು ತೆಗೆದೆ. ಪರದೆಯ ಮೇಲೆ ಮೊದಲು ಬಳೆಗಳು ಬಂದವು. ಆಮೇಲೆ ಅದೇ ಬೋರಮಾಳ, ಹೂವಿನ ದಂಡಿ. ಯಾರೋ ಪಕ್ಕದಲ್ಲಿ ಚೇಷ್ಟೆ ಮಾಡಿರಬೇಕು. ಹುಡುಗಿ ಬಾಯ್ತುಂಬ ನಗುತ್ತಿದ್ದಳು, ತಲೆ ಎತ್ತಿ, ನೇರ ಕ್ಯಾಮೆರಾದ ಕಡೆಗೆ. ಕಣ್ಣುಗಳನ್ನು ದೊಡ್ಡದು ಮಾಡಿದೆ. ಒಂದು ನಮ್ಮ ಕಡೆಗಿತ್ತು. ಇನ್ನೊಂದು ತುಸು ದೂರ, ಬೇರೆ ಕಡೆಗೆ.

ಸೂಜಿಗೆ ದಾರ ಪೋಣಿಸುವವರು ಮಾಡುವ ಹಾಗೆ ಮಹಾದೇವಿ ಒಂದು ಕಣ್ಣು ಮುಚ್ಚಿ ನೋಡಿದಳು. ಆಮೇಲೆ ಅದನ್ನು ತೆರೆದು ಇನ್ನೊಂದನ್ನು ಮುಚ್ಚಿ ನೋಡಿದಳು. ಪರದೆಯ ಮೇಲೆ ಬೆರಳಿಟ್ಟಳು.

"ಅಕ್ಕಾರ, ಬರ್ರಿಲ್ಲೆ," ಎಂದು ನನ್ನ ಹೆಂಡತಿಯನ್ನು ಕೂಗಿದಳು. "ನೋಡ್ರಿ. ನಮ್ಮವ್ವ ನನ್ನಂಗ ಅದಾಳ!" ಅಂದವಳು ಅಳತೊಡಗಿದಳು. ಅಳುತ್ತಲೇ ನಗುತ್ತಿದ್ದಳು. ನನ್ನ ಹೆಂಡತಿ ಸೆರಗಿನಿಂದ ತನ್ನ ಕಣ್ಣೊರೆಸಿಕೊಂಡು, "ನೀ ಇದ್ದಂಗ ಅದಾಳ ನೋಡವ್ವಾ, ಒಂದ ಅಚ್ಚಿನಾಗ ತಗದಂಗ," ಅಂದಳು.

ನನಗೆ ಮಾಸ್ತರರ ಮೇಲೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ತೆರೆದ ಕಣ್ಣಿನ ನೆಗೆಟಿವ್ ಅವರ ಸಂದೂಕಿನಲ್ಲೇ ಇತ್ತು. ಮರೆತಿದ್ದರೋ, ಮೆಳ್ಳಗಣ್ಣನ್ನು ಗೋಡೆಗೆ ಹಾಕಬಾರದೆಂದು ಬಿಟ್ಟಿದ್ದರೋ, ಅದು ಅವರ ಜೊತೆಗೇ ಹೋಯಿತು. ಅತ್ತೆಗೆ ತಮ್ಮನ ಹೆಂಡತಿಯ ಕಣ್ಣು ಗೊತ್ತಿರಲಿಲ್ಲವೇ? ಮೊದಮೊದಲು ಗೊತ್ತಿತ್ತೇನೋ. ನಾನು ಕಂಡ ಮಟ್ಟಿಗೆ, ಫೋಟೋ ಗೋಡೆ ಏರಿ ಕೆಲವು ವರ್ಷವಾದರೆ ಜನ ಮುಖವನ್ನು ಮರೆತು ಫೋಟೋವನ್ನೇ ನೆನಪಿಟ್ಟುಕೊಳ್ಳುತ್ತಾರೆ. ಈ ಕೆಲಸಕ್ಕೆ ಬರುವ ನೀವು ಈಗ ಒಂದು ಬಟನ್ ಒತ್ತಿ ಕಣ್ಣು ತಿದ್ದುತ್ತೀರಿ, ಬಣ್ಣ ತಿದ್ದುತ್ತೀರಿ. ಗಿರಾಕಿ ಖುಷಿಯಾಗುತ್ತಾನೆ. ತಿದ್ದಿರಿ, ಬೇಡ ಅನ್ನಲು ನಾನು ಯಾರು? ತಿದ್ದದ ಒಂದನ್ನು ಜೋಪಾನವಾಗಿ ಇಡಿ, ಅಷ್ಟೇ. ಮಾಸ್ತರರು ಅದೊಂದನ್ನು ಮಾಡಿದ್ದರು. ಅದಕ್ಕೇ ನನ್ನ ಸಿಟ್ಟು ಪೂರ್ತಿ ಸಿಟ್ಟಾಗಲಿಲ್ಲ.

ಪ್ರಿಂಟ್ ತಯಾರಾದ ದಿನ ಮಹಾದೇವಿ ಮತ್ತೆ ಬಂದಳು. ಫೋಟೋ ಕೈಗೆ ತೆಗೆದುಕೊಂಡು, ಮೇಜಿನ ಮೇಲಿದ್ದ ಬೆಲ್ಲೋಸನ್ನು, ಅದರ ತುದಿಯ ಹಿತ್ತಾಳೆ ಲೆನ್ಸನ್ನು ಮುಟ್ಟಿ, "ಇದೇನ್ರಿ ಕಾಕಾ, ಇಷ್ಟ ಹಳೇದು?" ಅಂದಳು.

"ನಮ್ಮ ಮಾಸ್ತರರ ಸ್ಟ್ಯಾಂಡ್ ಕ್ಯಾಮೆರಾದ ಲೆನ್ಸವ್ವಾ. ಆಗ ಸ್ಟುಡಿಯೋದಾಗ ಇದ್ದದ್ದು ಇದೊಂದ, ನಿಮ್ಮವ್ವನ ಕುಬಸದ ಫೋಟೋ ಇದರಾಗನ ತಗದದ್ದು. ಅಕಿ ಇದನ್ನ ನೋಡೇ ನಕ್ಕಿದ್ದು."

ಅವಳು ಆ ಗಾಜಿನೊಳಗೆ ಇಣುಕಿದಳು. ಆಮೇಲೆ ಸೆರಗು ಸರಿಮಾಡಿಕೊಂಡು, ಕುರ್ಚಿ ಎಳೆದು ಕಿಟಕಿಯ ಬೆಳಕಿಗೆ ಹಾಕಿಕೊಂಡು ಕೂತಳು. "ಹಂಗಾರ ನಂದೂ ಒಂದ ತಗೀರಿ."

ತಿದಿ ಕುಗ್ಗಿಸಿ ಫೋಕಸ್ ಮಾಡಿದೆ. ಪರದೆಯಲ್ಲಿ ಅವಳ ಮುಖ ನಿಚ್ಚಳವಾಯಿತು, ಎರಡು ಕಣ್ಣು ಎರಡು ಕಡೆಗೆ. ಇಷ್ಟು ವರ್ಷದ ರೂಢಿ ನೋಡಿ, ನನ್ನ ಬಾಯಿ ತಾನಾಗಿಯೇ ತೆರೆಯಿತು.

"ತಂಗಿ, ಸ್ವಲ್ಪ ತಲಿ ಬಗ್ಗ..."

"ಬಗ್ಗಸಂಗಿಲ್ರಿ, ಕಾಕಾ," ಅಂದಳು. "ಹಿಂಗ ತಗೀರಿ."

ಒತ್ತಿದೆ.